ಅವ್ವನ ತೆಲುಗು ನಿಲ್ಲಿಸಬೇಡಿ

ಪ್ರಶ್ನೆ: ನಾವು ಬಾಗೇಪಲ್ಲಿಯವರು. ಮಗಳಿಗೆ ಎರಡು ಮುಕ್ಕಾಲು ವರ್ಷ. ನಾನೂ ನನ್ನ ಗಂಡನೂ ಅವಳ ಜೊತೆ ಕನ್ನಡ ಮಾತಾಡುತ್ತೇವೆ. ನಮ್ಮ ಅತ್ತೆಯವರದು (ಮಗಳಿಗೆ ಅವ್ವ, ಅಂದರೆ ಅಜ್ಜಿ) ಪೂರ್ತಿ ತೆಲುಗು. ಪಕ್ಕದ ಮನೆಯಲ್ಲಿ ಉರ್ದು. ಈಗ ನರ್ಸರಿಗೆ ಸೇರಿಸಿದ್ದೇವೆ. ಮಗಳು ‘ಅವ್ವ, ಪಿಲ್ಲಿಗೆ ಹಾಲು ಹಾಕು’ ಅಂತ ಬೆರೆಸಿ ಮಾತಾಡುತ್ತಾಳೆ (ಪಿಲ್ಲಿ ಅಂದರೆ ತೆಲುಗಿನಲ್ಲಿ ಬೆಕ್ಕು). ಮೊದಲು ‘ಬಿದ್ದೆ’ ಅಂತ ಸರಿಯಾಗಿ ಹೇಳುತ್ತಿದ್ದವಳು ಈಗ ‘ಬೀಳಿದೆ’, ‘ಅಳಿದೆ’ ಅನ್ನುತ್ತಾಳೆ. ಟೀಚರ್ ‘ಮಗು ಕನ್‌ಫ್ಯೂಸ್ ಆಗಿದೆ, ಮನೆಯಲ್ಲಿ ಒಂದೇ ಭಾಷೆ ಇಟ್ಟುಕೊಳ್ಳಿ, ಇಂಗ್ಲಿಷ್ ಆದರೆ ಒಳ್ಳೆಯದು’ ಅಂದರು. ಅದನ್ನು ಕೇಳಿದಾಗಿನಿಂದ ಅತ್ತೆಯವರು ಮಗು ಹತ್ತಿರ ಮಾತೇ ಕಮ್ಮಿ ಮಾಡಿದ್ದಾರೆ. ಏನು ಮಾಡಬೇಕು? ಮಕ್ಕಳು ಮಾತು ಕಲಿಯುವುದು ನಿಜವಾಗಿ ಹೇಗೆ?

ಉತ್ತರ: ಅರ್ಜೆಂಟಾದದ್ದು ಮೊದಲು ಹೇಳಿಬಿಡುತ್ತೇನೆ, ಉಳಿದದ್ದು ನಿಧಾನಕ್ಕೆ. ಇವತ್ತೇ ನಿಮ್ಮ ಅತ್ತೆಯವರ ಪಕ್ಕ ಕೂತು, ‘ಮೊದಲಿನ ಹಾಗೇ ತೆಲುಗಲ್ಲೇ ಮಾತಾಡಿ, ಕತೆ ಹೇಳಿ, ಹಾಡು ಹೇಳಿ’ ಅಂತ ಕೇಳಿಕೊಳ್ಳಿ. ನಿಮ್ಮ ಮಗಳು ಕನ್‌ಫ್ಯೂಸ್ ಆಗಿಲ್ಲ. ನೀವು ಬರೆದಿರುವ ಆ ಮೂರು ಮಾತುಗಳಲ್ಲೇ ಅದಕ್ಕೆ ಸಾಕ್ಷಿ ಇದೆ. ಅವು ಒಂದೊಂದನ್ನೂ ಸ್ವಲ್ಪ ಹತ್ತಿರದಿಂದ ನೋಡೋಣ.

‘ಅಳಿದೆ’ ತಗೊಳ್ಳಿ. ಈ ಮಾತನ್ನು ಅವಳಿಗೆ ಹೇಳಿಕೊಟ್ಟವರು ಯಾರು? ನೀವಲ್ಲ, ನಿಮ್ಮ ಗಂಡ ಅಲ್ಲ, ಬೀದಿಯಲ್ಲಿ ಯಾರೂ ಅಲ್ಲ. ದೊಡ್ಡವರು ಯಾರೂ ‘ನಾನು ಅಳಿದೆ’ ಅನ್ನುವುದಿಲ್ಲ, ‘ಅತ್ತೆ’ ಅನ್ನುತ್ತಾರೆ. ಹಾಗಾದರೆ ಅವಳು ಯಾರನ್ನೂ ನೋಡಿ ಕಾಪಿ ಮಾಡಿಲ್ಲ. ‘ಹೇಳು’ ಇದ್ದದ್ದು ‘ಹೇಳಿದೆ’ ಆಗುತ್ತದೆ, ‘ಕೇಳು’ ಇದ್ದದ್ದು ‘ಕೇಳಿದೆ’ ಆಗುತ್ತದೆ, ಹಾಗಾದರೆ ‘ಅಳು’ ಇದ್ದದ್ದು ‘ಅಳಿದೆ’ ಆಗಬೇಕಲ್ವಾ? ಎರಡು ಮುಕ್ಕಾಲು ವರ್ಷದ ಮಗು, ಇನ್ನೂ ಚಪ್ಪಲಿ ಎಡಬಲ ಗೊತ್ತಾಗದ ಮಗು, ಯಾರೂ ಕಲಿಸದೆ ಕನ್ನಡದ ಭೂತಕಾಲದ ನಿಯಮವನ್ನು ತಾನೇ ಹುಡುಕಿಕೊಂಡಿದೆ. ಅದನ್ನು ಹೊಸ ಜಾಗದಲ್ಲಿ ಹಾಕಿ ನೋಡುತ್ತಿದೆ. ಸಾಲದ್ದಕ್ಕೆ ನಮ್ಮ ಭಾಷೆಯಲ್ಲಿ ‘ಅತ್ತೆ’ ಅಂದರೆ ಹಬ್ಬಕ್ಕೆ ಮನೆಗೆ ಬರುವ ಸೋದರತ್ತೆಯೂ ಹೌದು. ಅದೇ ಮಾತು ‘ಅಳು’ ಅನ್ನುವುದರ ಇನ್ನೊಂದು ರೂಪ ಅಂತ ಮಗು ಹೇಗೆ ಊಹಿಸಬೇಕು, ನೀವೇ ಹೇಳಿ.

ಮೊದಲು ‘ಬಿದ್ದೆ’ ಅನ್ನುತ್ತಿದ್ದವಳು ಆಮೇಲೆ ‘ಬೀಳಿದೆ’ ಅಂದಳು ಅಂತ ನೀವು ಹೆದರಿದ್ದೀರಿ. ಅಪ್ಪ ಅಮ್ಮಂದಿರು ಜಾಸ್ತಿ ಗಾಬರಿಯಾಗುವುದೇ ಇಲ್ಲಿ. ಕಲಿತದ್ದು ಮರೆತುಹೋಯಿತು ಅನ್ನಿಸುತ್ತದೆ. ಆದರೆ ಮೊದಲು ‘ಬಿದ್ದೆ’ ಅಂದಾಗ ಅದು ಅವಳಿಗೆ ಒಂದು ಇಡೀ ಮಾತು, ‘ಬಾಲ್’ ಇದ್ದ ಹಾಗೆ, ‘ಅಪ್ಪ’ ಇದ್ದ ಹಾಗೆ. ಅದರೊಳಗೆ ‘ಬೀಳು’ ಇದೆ ಅಂತ ಅವಳಿಗೆ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ಗೊತ್ತಾದ ದಿನದಿಂದ ತಪ್ಪು ಶುರುವಾಗುತ್ತದೆ. ಇನ್ನಷ್ಟು ಕಾಲ ಕೇಳುತ್ತಾ ಕೇಳುತ್ತಾ, ಬೀಳು–ಬಿದ್ದೆ, ಅಳು–ಅತ್ತೆ, ನಗು–ನಕ್ಕೆ, ಕೊಡು–ಕೊಟ್ಟೆ ಇಂಥವು ಬೇರೆ ದಾರಿಯವು ಅಂತ ಅವಳೇ ವಿಂಗಡಿಸಿಕೊಳ್ಳುತ್ತಾಳೆ. ಇಂಗ್ಲಿಷ್ ಮಕ್ಕಳೂ ಹೀಗೇ ಮೊದಲು ‘ವೆಂಟ್’ ಅಂತಾರೆ, ಆಮೇಲೆ ‘ಗೋ’ಗೆ ‘ಡ್’ ಅಂಟಿಸಿ ‘ಗೋಡ್’ ಅಂತಾರೆ, ಮತ್ತೆ ‘ವೆಂಟ್’ಗೆ ಬರುತ್ತಾರೆ.

ಈ ಸಣ್ಣ ತಪ್ಪಿನ ಸುತ್ತ ದೊಡ್ಡ ಜಗಳವೇ ನಡೆದಿದೆ. 1957ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಒಂದು ಪುಸ್ತಕ ಬರೆದರು. ಮಾತೂ ಒಂದು ಅಭ್ಯಾಸ, ಸರಿಯಾಗಿ ಹೇಳಿದಾಗ ಮೆಚ್ಚುಗೆ ಸಿಗುತ್ತದೆ, ಹಾಗೆ ಗಟ್ಟಿಯಾಗುತ್ತಾ ಹೋಗುತ್ತದೆ ಅನ್ನುವುದು ಅವರ ವಾದ. ಎರಡೇ ವರ್ಷಕ್ಕೆ, 1959ರಲ್ಲಿ, ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ಅದಕ್ಕೆ ತುಂಬಾ ಖಾರವಾದ ವಿಮರ್ಶೆ ಬರೆದರು. ಮಗು ಹಿಂದೆಂದೂ ಕೇಳದ ವಾಕ್ಯವನ್ನು ಹೇಳುತ್ತದೆ, ಅದು ಬರೀ ಅಭ್ಯಾಸದಿಂದ ಹೇಗೆ ಬರುತ್ತದೆ ಅಂತ ಕೇಳಿದರು. ಭಾಷೆಯ ಕಟ್ಟಿಗೆ ಬೇಕಾದ ಏನೋ ಒಂದು ಮನುಷ್ಯನ ಮಗುವಿನಲ್ಲಿ ಹುಟ್ಟಿನಿಂದಲೇ ಇದೆ ಅನ್ನುವುದು ಅವರ ನಿಲುವು. ಈ ಇಬ್ಬರ ನಡುವೆ, 1958ರಲ್ಲಿ, ಜೀನ್ ಬರ್ಕೊ ಅನ್ನುವವರು ಒಂದು ಸರಳ ಕೆಲಸ ಮಾಡಿದರು. ಹಕ್ಕಿ ಥರದ ಒಂದು ಪ್ರಾಣಿಯ ಚಿತ್ರ ತೋರಿಸಿ ‘ಇದು ವಗ್’ ಅಂದರು. ಇಲ್ಲದ ಪದ, ಸುಮ್ನೆ ಹುಟ್ಟಿಸಿದ್ದು. ಆಮೇಲೆ ಎರಡು ಚಿತ್ರ ತೋರಿಸಿ, ‘ಈಗ ಎರಡು ಇವೆ, ಎರಡು ಏನು?’ ಅಂತ ಕೇಳಿದರು. ಮಕ್ಕಳು ‘ವಗ್ಸ್’ ಅಂದರು. ಆ ಪದವನ್ನು ಅವರು ಜನ್ಮದಲ್ಲಿ ಕೇಳಿರಲಿಲ್ಲ.

ನೀವೂ ಮನೆಯಲ್ಲಿ ಮಾಡಿ ನೋಡಬಹುದು, ಮಗಳು ಇನ್ನು ಒಂದೆರಡು ವರ್ಷ ದೊಡ್ಡವಳಾದ ಮೇಲೆ. ‘ನಾನು ದಿನಾ ಲಬ್ಬುತ್ತೀನಿ. ನಿನ್ನೆ ಕೂಡ...’ ಅಂತ ಹೇಳಿ ಸುಮ್ಮನಾಗಿ. ‘ಲಬ್ಬಿದೆ’ ಅನ್ನುತ್ತಾಳೆ ನೋಡಿ.

ನನ್ನ ಅಭಿಪ್ರಾಯ ಕೇಳಿದರೆ, ಸ್ಕಿನ್ನರ್ ಹೇಳಿದ್ದು ಸಾಲದು. ಚಾಮ್‌ಸ್ಕಿ ಹೇಳಿದಷ್ಟೆಲ್ಲಾ ಹುಟ್ಟಿನಿಂದಲೇ ಇರಬೇಕಾಗಿಯೂ ಇಲ್ಲ. ಮಕ್ಕಳ ಕಿವಿ ಎಷ್ಟು ಲೆಕ್ಕ ಇಡುತ್ತದೆ ಅಂತ ಆಮೇಲೆ ಗೊತ್ತಾಯಿತು. 1996ರಲ್ಲಿ ಜೆನ್ನಿ ಸ್ಯಾಫ್ರನ್ ಮತ್ತು ಜೊತೆಯವರು ಎಂಟು ತಿಂಗಳ ಕೂಸುಗಳಿಗೆ ಎರಡು ನಿಮಿಷ ಬರೀ ಅರ್ಥವಿಲ್ಲದ ಸದ್ದು ಕೇಳಿಸಿದರು. ‘ಟುಪಿರೊ’, ‘ಗೊಲಾಬು’, ‘ಬಿಡಾಕು’ ಇಂಥ ಹುಟ್ಟಿಸಿದ ಪದಗಳನ್ನು ನಡುವೆ ಒಂದು ಚೂರೂ ಬಿಡುವಿಲ್ಲದೆ ಒಂದಕ್ಕೊಂದು ಅಂಟಿಸಿ ಹರಿಯಬಿಟ್ಟರು. ಯಾವ ಅಕ್ಷರದ ಹಿಂದೆ ಯಾವ ಅಕ್ಷರ ಖಾಯಂ ಬರುತ್ತದೆ, ಯಾವುದರ ಹಿಂದೆ ಬದಲಾಗುತ್ತದೆ ಅನ್ನುವುದೊಂದೇ ಸುಳಿವು. ಎರಡು ನಿಮಿಷದಲ್ಲಿ ಕೂಸುಗಳು ಪದ ಎಲ್ಲಿ ಮುಗಿಯುತ್ತದೆ ಅಂತ ಹಿಡಿದಿದ್ದವು. ನಾವು ಮಾತಾಡುವಾಗಲೂ ಪದಗಳ ನಡುವೆ ಜಾಗ ಬಿಡುವುದಿಲ್ಲ. ‘ಏನ್ಮಾಡ್ತಿದೀಯಮ್ಮಾ’ ಅನ್ನುವುದು ಕೂಸಿನ ಕಿವಿಗೆ ಒಂದೇ ಉದ್ದದ ಸದ್ದು. ಅದನ್ನು ಅದು ಬಿಡಿಸಿಕೊಳ್ಳುವುದು ಹೀಗೆ.

ಮನಃಶಾಸ್ತ್ರಜ್ಞ ಮೈಕಲ್ ಟೊಮಾಸೆಲ್ಲೊ ಥರದವರು ಇದಕ್ಕೆ ಇನ್ನೊಂದು ಸೇರಿಸುತ್ತಾರೆ. ಮಗು ಸದ್ದಿನ ಲೆಕ್ಕ ಮಾತ್ರ ಇಡುವುದಿಲ್ಲ, ಎದುರಿನವರ ಮನಸ್ಸಿನಲ್ಲಿ ಏನಿದೆ ಅಂತಲೂ ನೋಡುತ್ತದೆ. ಒಂದು ವರ್ಷ ಆಗುವ ಹೊತ್ತಿಗೆ ನೀವು ಬೆರಳು ತೋರಿಸಿದ ಕಡೆ ನೋಡುತ್ತದೆ, ಮತ್ತೆ ತಿರುಗಿ ನಿಮ್ಮ ಮುಖ ನೋಡುತ್ತದೆ. ಅವ್ವ ಬಾಗಿಲಲ್ಲಿ ಕೂತು ‘ಅದಿಗೋ ಪಿಲ್ಲಿ’ ಅಂದಾಗ ಇಬ್ಬರೂ ಒಂದೇ ಬೆಕ್ಕನ್ನು ನೋಡುತ್ತಾರಲ್ಲ, ಮಾತು ಹುಟ್ಟುವುದು ಅಲ್ಲಿ. ನನಗೆ ಈ ದಾರಿಯೇ ಹೆಚ್ಚು ಸರಿ ಅನ್ನಿಸುತ್ತದೆ.

ಟಿವಿ, ಮೊಬೈಲ್ ಯಾಕೆ ಈ ಕೆಲಸ ಮಾಡುವುದಿಲ್ಲ ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. 2003ರಲ್ಲಿ ಪೆಟ್ರೀಷಿಯಾ ಕೂಲ್ ತಂಡ ಅಮೆರಿಕದ ಒಂಬತ್ತು ತಿಂಗಳ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಕೇಳಿಸಿತು. ಕೆಲವಕ್ಕೆ ಎದುರಿಗೇ ಒಬ್ಬರು ಕೂತು ಆಟ ಆಡಿಸುತ್ತಾ ಮಾತಾಡಿದರು, ಒಟ್ಟು 12 ಸಲ. ಇನ್ನು ಕೆಲವಕ್ಕೆ ಅದೇ ಜನ, ಅದೇ ಮಾತು, ಆದರೆ ವಿಡಿಯೋದಲ್ಲಿ. ಎದುರಿಗೆ ಮನುಷ್ಯರಿದ್ದ ಕೂಸುಗಳು ಆ ಭಾಷೆಯ ಸದ್ದಿನ ವ್ಯತ್ಯಾಸ ಹಿಡಿದವು. ವಿಡಿಯೋ ನೋಡಿದವು ಏನೂ ಹಿಡಿಯಲಿಲ್ಲ. ‘ಇಂಗ್ಲಿಷ್ ಬರಲಿ’ ಅಂತ ಫೋನಿನಲ್ಲಿ ಇಂಗ್ಲಿಷ್ ರೈಮ್ಸ್ ಹಾಕಿ ಕೂಸಿನ ಮುಂದೆ ಇಡುವ ಮನೆಗಳನ್ನು ನೋಡಿದಾಗೆಲ್ಲಾ ನನಗೆ ಸಂಕಟವಾಗುತ್ತದೆ. ಪಕ್ಕದಲ್ಲೇ ಜೀವಂತ ಅಜ್ಜಿ ಕೂತಿರುತ್ತಾರೆ.

ಈ ಕೆಲಸ ಎಷ್ಟು ಬೇಗ ಶುರುವಾಗುತ್ತದೆ ಅಂತ ಕೇಳಿದರೆ ಆಶ್ಚರ್ಯಪಡುತ್ತೀರಿ. ಹುಟ್ಟಿದ ಮಗು ಅಮ್ಮನ ದನಿಯನ್ನು ಬೇರೆ ಹೆಂಗಸಿನ ದನಿಯಿಂದ ಬೇರೆ ಮಾಡುತ್ತದೆ ಅಂತ 1980ರಲ್ಲೇ ತೋರಿಸಿದ್ದರು. ಹೊಟ್ಟೆಯಲ್ಲಿದ್ದಾಗಲೇ ಕೇಳಿಸಿಕೊಂಡಿರುತ್ತದೆ. 2010ರಲ್ಲಿ ಕೆನಡಾದಲ್ಲಿ ಇನ್ನೊಂದು ಅಧ್ಯಯನ ಆಯಿತು. ಬಸಿರಿನಲ್ಲಿ ಇಂಗ್ಲಿಷ್ ಮತ್ತು ಫಿಲಿಪೀನ್ಸಿನ ತಗಾಲೊಗ್ ಎರಡನ್ನೂ ಮಾತಾಡುತ್ತಿದ್ದ ತಾಯಂದಿರ ಹಸುಗೂಸುಗಳು ಎರಡು ಭಾಷೆಗೂ ಕಿವಿಗೊಟ್ಟವು, ಎರಡನ್ನೂ ಒಂದರಿಂದ ಒಂದು ಬೇರೆ ಅಂತಲೂ ಗುರುತಿಸಿದವು. ಹುಟ್ಟಿದ ಕೂಸಿಗೇ ಎರಡು ಭಾಷೆ ಬೇರೆ ಅಂತ ಗೊತ್ತು. ನಿಮ್ಮ ಮಗಳಿಗೆ ಗೊತ್ತಾಗುವುದಿಲ್ಲವಾ?

ಇದರ ಪಕ್ಕದಲ್ಲೇ ನನಗೆ ತುಂಬಾ ಇಷ್ಟವಾದ ಒಂದು ಅಧ್ಯಯನ ಇದೆ, ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಅವರದು, 1984ರದು. ಹಿಂದಿಯ ‘ಟ’ ಮತ್ತು ‘ತ’ ಎರಡನ್ನೂ ಇಂಗ್ಲಿಷ್ ಮನೆಗಳ ಕೂಸುಗಳಿಗೆ ಕೇಳಿಸಿದರು. ಆರರಿಂದ ಎಂಟು ತಿಂಗಳಲ್ಲಿ ಬಹುತೇಕ ಕೂಸುಗಳಿಗೆ ವ್ಯತ್ಯಾಸ ಗೊತ್ತಾಗುತ್ತಿತ್ತು. ಹತ್ತರಿಂದ ಹನ್ನೆರಡು ತಿಂಗಳಾಗುವಷ್ಟರಲ್ಲಿ ಗೊತ್ತಾಗುವ ಕೂಸುಗಳು ತೀರಾ ಕಡಿಮೆ. ಹಿಂದಿ ಮನೆಯ ಕೂಸುಗಳಿಗೆ ಆಗಲೂ ಗೊತ್ತಾಗುತ್ತಿತ್ತು. ನಮ್ಮ ‘ಕಟ್ಟು’ ಮತ್ತು ‘ಕತ್ತು’ ಬೇರೆ ಬೇರೆ ಆಗಿರುವುದು ಇದೇ ‘ಟ’ ‘ತ’ಗಳಿಂದ. ತುಮಕೂರನ್ನು ಇಂಗ್ಲಿಷಿನವರು ‘ಟುಮ್ಕುರ್’ ಅನ್ನುತ್ತಿದ್ದದ್ದು ಯಾಕೆ ಅಂತ ಇದರಿಂದ ಗೊತ್ತಾಗುತ್ತದೆ. ಅವರ ಕಿವಿ ಮೊದಲ ಹುಟ್ಟುಹಬ್ಬಕ್ಕೆ ಮುಂಚೆಯೇ ಆ ಬಾಗಿಲು ಅರ್ಧ ಮುಚ್ಚಿಕೊಂಡಿತ್ತು. (2014ರ ನವೆಂಬರ್ 1ಕ್ಕೆ ಊರಿನ ಹೆಸರನ್ನು ಇಂಗ್ಲಿಷಿನಲ್ಲೂ ತುಮಕೂರು ಅಂತ ಬರೆಯುವ ಹಾಗಾಯಿತು.) ಪಕ್ಕದ ಮನೆಯ ಉರ್ದು, ಅವ್ವನ ತೆಲುಗು ಎಲ್ಲಾ ಕೇಳಿ ಬೆಳೆಯುವ ಮಗುವಿನ ಕಿವಿಯಲ್ಲಿ ಎಷ್ಟು ಬಾಗಿಲು ತೆರೆದಿರುತ್ತವೆ ಅಂತ ಯೋಚನೆ ಮಾಡಿ.

ಈಗ ‘ಪಿಲ್ಲಿಗೆ ಹಾಲು ಹಾಕು’ಗೆ ಬರೋಣ. ಟೀಚರಿಗೆ ಇದು ಕಲಸುಮೇಲೋಗರ ಅನ್ನಿಸಿದೆ. ನಿಧಾನವಾಗಿ ನೋಡಿ. ‘ಪಿಲ್ಲಿ’ ತೆಲುಗು. ‘ಗೆ’ ಕನ್ನಡ. ತೆಲುಗಿನಲ್ಲಿ ಆಗಿದ್ದರೆ ‘ಪಿಲ್ಲಿಕಿ’ ಆಗಬೇಕಿತ್ತು. ಅವಳು ಕನ್ನಡ ವಾಕ್ಯ ಮಾತಾಡುತ್ತಿದ್ದಾಳೆ, ಅದಕ್ಕೆ ಕನ್ನಡದ ಪ್ರತ್ಯಯ ಹಾಕಿದ್ದಾಳೆ. ಬೆಕ್ಕಿನ ಪದ ಅವಳಿಗೆ ಅವ್ವನಿಂದ ಬಂದಿದೆ, ಅದನ್ನು ತಂದು ಕನ್ನಡದ ಅಂಗಿ ತೊಡಿಸಿದ್ದಾಳೆ. ಇದು ಅಡ್ಡಾದಿಡ್ಡಿ ಬೆರಕೆ ಅಲ್ಲ, ಇದರಲ್ಲಿ ಕಟ್ಟು ಇದೆ. ಎರಡು ಭಾಷೆಯ ಮಕ್ಕಳಿಗೆ ಎರಡೂ ಬೇರೆ ಬೇರೆ ಅಂತ ಬಹಳ ಬೇಗ ಗೊತ್ತಿರುತ್ತದೆ, ಎದುರಿಗೆ ಇರುವವರನ್ನು ನೋಡಿ ಭಾಷೆ ಬದಲಾಯಿಸುತ್ತಾರೆ ಅಂತ ಫ್ರೆಡ್ ಜೆನೆಸೀ ಮೊದಲಾದವರು 1980ರ ದಶಕದ ಕೊನೆಯಿಂದ ತೋರಿಸುತ್ತಾ ಬಂದಿದ್ದಾರೆ. ನೀವೇ ಗಮನಿಸಿ. ಅವ್ವನ ಹತ್ತಿರ ತೆಲುಗು ಜಾಸ್ತಿ, ನಿಮ್ಮ ಹತ್ತಿರ ಕನ್ನಡ ಜಾಸ್ತಿ ಇರುತ್ತದೆ. ಒಂದೊಂದು ಭಾಷೆಯಲ್ಲೂ ಪದ ಸ್ವಲ್ಪ ಕಮ್ಮಿ ಕಾಣಬಹುದು, ಆದರೆ ಎರಡನ್ನೂ ಸೇರಿಸಿ ಎಣಿಸಿದರೆ ಒಂದೇ ಭಾಷೆಯ ಮಕ್ಕಳಷ್ಟೇ ಇರುತ್ತದೆ. ಎರಡು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ.

ಅದೂ ಅಲ್ಲದೆ ಬೆರೆಸುವುದು ನಮ್ಮ ಈ ಕಡೆಯ ಗುಣ. ಬಾಗೇಪಲ್ಲಿ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು, ಆ ಕಡೆ ಪಾವಗಡ, ಎಲ್ಲಾ ಕಡೆಯೂ ಸಂತೆಯಲ್ಲಿ ಟೊಮ್ಯಾಟೊ ಬಾಕ್ಸಿಗೆ ರೇಟು ಮಾತಾಡುವಾಗ ಒಂದೇ ಉಸಿರಿನಲ್ಲಿ ಎರಡು ಭಾಷೆ ಬರುತ್ತದೆ. ಕೈವಾರದ ತಾತಯ್ಯನವರು ತೆಲುಗಿನಲ್ಲೂ ಹಾಡಿದರು, ಕನ್ನಡದಲ್ಲೂ ಹಾಡಿದರು. ಮಾಲೂರು ಸೀಮೆಯ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು. 1983ರ ಜ್ಞಾನಪೀಠ ಕನ್ನಡಕ್ಕೆ ಬಂದದ್ದು ಅವರಿಂದ. ಮನೆಯಲ್ಲಿ ಇನ್ನೊಂದು ಭಾಷೆ ಇದ್ದದ್ದು ಅವರ ಕನ್ನಡವನ್ನು ಏನೂ ಕಡಿಮೆ ಮಾಡಲಿಲ್ಲ.

ನಿಮ್ಮ ಮಗಳು ‘ಹಾಲು’ ಅನ್ನುತ್ತಾಳೆ, ಅವ್ವ ‘ಪಾಲು’ ಅನ್ನುತ್ತಾರೆ. ಪಂಪ ಬರೆದದ್ದು 10ನೇ ಶತಮಾನದಲ್ಲಿ, ಅವನ ಕಾಲದ ಕನ್ನಡದಲ್ಲಿ ಹಾಲು ‘ಪಾಲ್’, ಹುಲಿ ‘ಪುಲಿ’. ಆಮೇಲೆ ಒಂದೊಂದೇ ಪದದಲ್ಲಿ ಮೊದಲಿನ ‘ಪ’ ಹೋಗಿ ‘ಹ’ ಬಂತು. ತೆಲುಗು, ತಮಿಳಿನಲ್ಲಿ ‘ಪ’ ಹಾಗೇ ಉಳಿಯಿತು. ಅಂದರೆ ಅವ್ವನ ‘ಪಾಲು’ ಕೇಳುವಾಗ ಮಗು ಪಂಪನ ಕಾಲದ ಕನ್ನಡದ ಹತ್ತಿರದ ಸದ್ದನ್ನೇ ಕೇಳುತ್ತಿದೆ. ನಮ್ಮ ಹಳ್ಳಿಗಳ ಹಿರಿಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ಆಲು’ ಅನ್ನುತ್ತಾರಲ್ಲ, ಸ್ಕೂಲಿನಲ್ಲಿ ಅದಕ್ಕೆ ಬೈಸಿಕೊಂಡವರು ನಮ್ಮಲ್ಲಿ ಬಹಳ ಜನ ಇದ್ದೇವೆ. ಪಾಲ್, ಹಾಲು, ಆಲು. ಒಂದೇ ದಾರಿಯ ಮೂರು ನಿಲ್ದಾಣ. 13ನೇ ಶತಮಾನದ ಕೇಶಿರಾಜ ತನ್ನ ವ್ಯಾಕರಣದಲ್ಲಿ ಹಳಗನ್ನಡದ ‘ೞ’ ಅಕ್ಷರ ಇರುವ ಪದಗಳನ್ನು ಪಟ್ಟಿ ಮಾಡಿ ಕೊಟ್ಟಿದ್ದಾನೆ. ಪಟ್ಟಿ ಬೇಕಾಯಿತು ಅಂದರೆ ಜನರ ಬಾಯಲ್ಲಿ ಅದು ಆಗಲೇ ಸಡಿಲವಾಗಿತ್ತು ಅಂತ ನಾನು ಓದಿಕೊಳ್ಳುತ್ತೇನೆ. ‘ಏೞು’ ಇದ್ದದ್ದು ‘ಏಳು’ ಆಯಿತು. ಕೆಜಿಎಫ್‌ನ ತಮಿಳರ ಭಾಷೆಯಲ್ಲಿ ಆ ಅಕ್ಷರ ಇವತ್ತೂ ಇದೆ.

ಹಾಗಾದರೆ ಭಾಷೆ ಬದಲಾಗುವುದು ಮಕ್ಕಳ ತಪ್ಪಿನಿಂದಲಾ? 1880ರಲ್ಲಿ ಜರ್ಮನಿಯ ಭಾಷಾವಿಜ್ಞಾನಿ ಹೆರ್ಮನ್ ಪೌಲ್, ಪ್ರತಿ ತಲೆಮಾರೂ ಭಾಷೆಯನ್ನು ಹೊಸದಾಗಿ ಕಲಿಯುತ್ತದೆ, ಬದಲಾವಣೆಗೆ ಮುಖ್ಯ ಕಾರಣ ಅದೇ ಅಂದರು. ಅದರಲ್ಲಿ ಅರ್ಧ ಸತ್ಯ ಇದೆ. ಇಂಗ್ಲಿಷಿನ ‘ಹೆಲ್ಪ್’ಗೆ ಹಿಂದೆ ‘ಹೋಲ್ಪ್’ ಅಂತ ಭೂತಕಾಲ ಇತ್ತು, ಈಗ ‘ಹೆಲ್ಪ್ಡ್’. ಅದೂ ‘ಅಳಿದೆ’ ಥರದ್ದೇ. ಆದರೆ ನಿಮ್ಮ ಮಗಳ ‘ಅಳಿದೆ’ ಉಳಿಯುವುದಿಲ್ಲ, ಸ್ಕೂಲಿಗೆ ಹೋಗುವಷ್ಟರಲ್ಲಿ ಹೆಚ್ಚುಕಡಿಮೆ ಹೋಗಿರುತ್ತದೆ. ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬೋವ್ 1960ರ ದಶಕದಿಂದ ಬೀದಿಗಳಲ್ಲಿ ಮಾತು ಕೇಳಿಸಿಕೊಂಡು ತೋರಿಸಿದ್ದು ಬೇರೆ. ಮಕ್ಕಳು ಮನೆಯಿಂದ ಮಾತು ಕಲಿಯುತ್ತಾರೆ, ಆಮೇಲೆ ಓರಗೆಯವರ ಕಡೆ ವಾಲುತ್ತಾರೆ, ಹದಿಹರೆಯದಲ್ಲಿ ಬದಲಾವಣೆಯನ್ನು ಮುಂದಕ್ಕೆ ತಳ್ಳುತ್ತಾರೆ.

ಪುಟ್ಟ ಮಕ್ಕಳೇ ಭಾಷೆ ಕಟ್ಟಿದ ಒಂದು ನಿಜವಾದ ಕತೆಯೂ ಇದೆ. ನಿಕರಾಗ್ವಾ ದೇಶದಲ್ಲಿ 1970ರ ದಶಕದ ಕೊನೆಗೆ ಕಿವುಡ ಮಕ್ಕಳನ್ನು ಮೊದಲ ಸಲ ದೊಡ್ಡ ಸಂಖ್ಯೆಯಲ್ಲಿ ಶಾಲೆಯಲ್ಲಿ ಒಟ್ಟುಗೂಡಿಸಿದರು. ಅಲ್ಲಿಯವರೆಗೆ ಒಬ್ಬೊಬ್ಬರೂ ಮನೆಯಲ್ಲಿ ತಮಗೆ ತೋಚಿದ ಸನ್ನೆ ಮಾಡುತ್ತಿದ್ದರು. ಸೇರಿದ ಮೇಲೆ ಸನ್ನೆಗಳು ಬೆರೆತವು. ಆಮೇಲೆ ಬಂದ ಇನ್ನೂ ಚಿಕ್ಕ ಮಕ್ಕಳು ಅದನ್ನು ಕಲಿಯುತ್ತಾ ಕಲಿಯುತ್ತಾ ವ್ಯಾಕರಣ ಇರುವ ಪೂರ್ತಿ ಭಾಷೆ ಮಾಡಿದರು, ದೊಡ್ಡವರಿಗಿಂತ ಚೆನ್ನಾಗಿ. ಅದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ಪಕ್ಕದ ಮನೆ ಉರ್ದು ಬಗ್ಗೆಯೂ ಒಂದು ಮಾತು. ‘ಬರ್ತೀನಿ ಅಂತ ಹೇಳಿದ’ ಅನ್ನುವಾಗ ನಾವು ‘ಅಂತ’ವನ್ನು ಮಾತಿನ ಹಿಂದೆ ಇಡುತ್ತೇವೆ. ತೆಲುಗಿನಲ್ಲಿ ‘ಅನಿ’ ಕೂಡ ಹಿಂದೆಯೇ. ಉತ್ತರದ ಉರ್ದುವಿನಲ್ಲಿ ‘ಕಿ’ ಅನ್ನುವುದು ಮುಂದೆ ಬರುತ್ತದೆ. ನಮ್ಮ ಕಡೆಯ ಉರ್ದುವಾದ ದಖನಿಯಲ್ಲಿ ಏನಾಗಿದೆ ಗೊತ್ತಾ? ‘ಬೋಲ್ಕೆ’ ಅನ್ನುವುದು ಬಂದು ನಮ್ಮ ‘ಅಂತ’ದ ಜಾಗದಲ್ಲೇ ಕೂತಿದೆ. ನೂರಾರು ವರ್ಷ ಪಕ್ಕಪಕ್ಕದ ಮನೆಯಲ್ಲಿ ಎರಡೆರಡು ಭಾಷೆ ಆಡುತ್ತಾ ಬೆಳೆದ ಮಕ್ಕಳು ಮಾಡಿದ ಕೆಲಸ ಅದು. ಮಹಾರಾಷ್ಟ್ರದ ಗಡಿಯ ಕುಪ್ವಾಡ ಅನ್ನುವ ಹಳ್ಳಿಯಲ್ಲಿ ಕನ್ನಡ, ಮರಾಠಿ, ಉರ್ದು ಮೂರರ ವಾಕ್ಯದ ಕಟ್ಟು ಎಷ್ಟು ಒಂದಾಗಿದೆ ಅಂತ ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಬರೆದರು. ಪದ ಬೇರೆ, ಎಲುಬು ಒಂದೇ.

ಸ್ವಂತದ್ದೊಂದು ಹೇಳುತ್ತೇನೆ. ನಾನು ಗೌರಿಬಿದನೂರು ಕಡೆಯವಳು. ಮೂರನೇ ಕ್ಲಾಸಿನಲ್ಲಿದ್ದಾಗ ನಮ್ಮ ಸ್ಕೂಲಿನ ಒಬ್ಬರು ಅಮ್ಮನನ್ನು ಕರೆಸಿ, ‘ಮನೆಯಲ್ಲಿ ತೆಲುಗು ಬಿಡಿ’ ಅಂದರು. ಅಮ್ಮ ಬಂದು ನಮ್ಮ ಅವ್ವನಿಗೆ ಹೇಳಿದರು. ಅವ್ವನಿಗೆ ಕನ್ನಡ ಬರುತ್ತಿತ್ತು, ಆದರೆ ಸಂತೆಗೆ ಬೇಕಾದಷ್ಟು. ಕತೆಗೆ ಬೇಕಾದಷ್ಟು ಬರುತ್ತಿರಲಿಲ್ಲ. ರಾತ್ರಿ ಕತೆ ನಿಂತಿತು. ‘ಊಟ ಆಯ್ತಾ’, ‘ಮಲಕ್ಕೊ’ ಇಷ್ಟೇ ಉಳಿಯಿತು. ಇವತ್ತು ನನಗೆ ತೆಲುಗು ಪೂರ್ತಿ ಅರ್ಥವಾಗುತ್ತದೆ, ಚಿಕ್ಕಮ್ಮಂದಿರ ಮುಂದೆ ಬಾಯಿ ತೆರೆದರೆ ಮೂರನೇ ಕ್ಲಾಸಿನ ಹುಡುಗಿಯ ತೆಲುಗೇ ಬರುತ್ತದೆ. ನನ್ನ ಕನ್ನಡಕ್ಕೆ ಇದರಿಂದ ಒಂದು ಕೂದಲಷ್ಟೂ ಲಾಭ ಆಗಲಿಲ್ಲ. ಅತ್ತೆಯವರು ಮಾತು ಕಮ್ಮಿ ಮಾಡಿದ್ದಾರೆ ಅನ್ನುವ ನಿಮ್ಮ ಸಾಲು ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಇಂಗ್ಲಿಷ್ ಬರಲಿ, ಬೇಡ ಅನ್ನುವುದಿಲ್ಲ. ಸ್ಕೂಲಿನಲ್ಲಿ ಬರುತ್ತದೆ, ಪುಸ್ತಕದಿಂದ ಬರುತ್ತದೆ. ಆದರೆ ನಿಮಗೆ ಸಲೀಸಾಗಿ ಬಾರದ ಭಾಷೆಯಲ್ಲಿ ಮಗುವಿನ ಜೊತೆ ಮಾತಾಡಲು ಹೋದರೆ ನಿಮ್ಮ ಮಾತೇ ಕಡಿಮೆಯಾಗುತ್ತದೆ. ‘ಕಮ್, ಸಿಟ್, ಈಟ್’ ಅಷ್ಟರಲ್ಲೇ ಮುಗಿಯುತ್ತದೆ. ಕನ್ನಡದಲ್ಲಿ ಆದರೆ ಹುರುಳಿಕಾಯಿ ಬಿಡಿಸುತ್ತಾ ಅರ್ಧ ಗಂಟೆ ಮಾತಾಡುತ್ತೀರಿ.

ತಪ್ಪು ಹೇಳಿದಾಗ ‘ಹಾಗಲ್ಲ, ಅತ್ತೆ ಅನ್ನು’ ಅಂತ ತಡೆಯಬೇಡಿ. ‘ನಾನು ಅಳಿದೆ’ ಅಂದರೆ, ‘ಹೌದಾ, ಅತ್ತೆಯಾ? ಯಾಕೆ ಅತ್ತೆ ಪುಟ್ಟಾ?’ ಅಂತ ಮಾತು ಮುಂದುವರಿಸಿ. ಸರಿಯಾದದ್ದು ಕಿವಿಗೆ ಬಿತ್ತು, ಅಷ್ಟು ಸಾಕು.

ಯಾವಾಗ ನಿಜವಾಗಿ ಚಿಂತೆ ಮಾಡಬೇಕು ಅಂತಲೂ ಹೇಳಬೇಕು, ಇದನ್ನು ಓದುವ ಬೇರೆ ಅಪ್ಪ ಅಮ್ಮಂದಿರಿಗಾಗಿ. ಒಂದು ವರ್ಷವಾದರೂ ‘ಬಬಬ’ ಅಂತ ತೊದಲದಿದ್ದರೆ, ಕರೆದರೆ ತಿರುಗದಿದ್ದರೆ, ಒಂದೂಕಾಲು–ಒಂದೂವರೆ ವರ್ಷಕ್ಕೂ ಒಂದು ಪದವೂ ಬಾರದಿದ್ದರೆ, ಎರಡು ವರ್ಷವಾದರೂ ‘ಅಮ್ಮ ಬಾ’ ಥರ ಎರಡು ಪದ ಸೇರಿಸದಿದ್ದರೆ, ಬಂದ ಮಾತು ನಿಂತೇಹೋದರೆ, ಕಾಯಬೇಡಿ. ಎಲ್ಲಾ ಭಾಷೆಯ ಪದಗಳನ್ನೂ ಸೇರಿಸಿ ಎಣಿಸಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಇದೇ ಅವರ ಕೆಲಸ. ಹತ್ತಿರದಲ್ಲಿ ಬೇಕಾದರೆ ಮೊದಲು ಜಿಲ್ಲಾ ಆಸ್ಪತ್ರೆಯ ಮಕ್ಕಳ ಡಾಕ್ಟರನ್ನು ನೋಡಿ. ‘ಅಪ್ಪನಿಗೂ ತಡವಾಗಿ ಮಾತು ಬಂದಿತ್ತು’ ಅನ್ನುವ ಸಮಾಧಾನ ಸಾಲದು. ನಿಮ್ಮ ಮಗಳು ಎರಡು ಮುಕ್ಕಾಲಿಗೆ ಪ್ರತ್ಯಯ ಹಾಕಿ ವಾಕ್ಯ ಕಟ್ಟುತ್ತಿದ್ದಾಳೆ. ನೀವು ಬರೆದದ್ದನ್ನು ನೋಡಿದರೆ ಇದ್ಯಾವುದೂ ಅವಳಿಗೆ ಅನ್ವಯಿಸುವುದಿಲ್ಲ.

ಟೀಚರ್ ಜೊತೆ ಜಗಳ ಬೇಡ. ಅವರು ಮಗುವಿನ ಮೇಲಿನ ಕಾಳಜಿಯಿಂದಲೇ ಹೇಳಿರುತ್ತಾರೆ. ‘ಪಿಲ್ಲಿಗೆ’ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು, ‘ಪಿಲ್ಲಿ’ ಇಲ್ಲಿಯದು, ‘ಗೆ’ ಇಲ್ಲಿಯದು ಅಂತ ತೋರಿಸಿ. ನೋಡಿದರೆ ಅವರಿಗೂ ಇಷ್ಟವಾಗುತ್ತದೆ.

ಮನೆಯಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಅವಳು ಹೇಳಿದ್ದನ್ನು ಹೇಳಿದ ಹಾಗೇ, ತಿದ್ದದೆ, ತಾರೀಖು ಹಾಕಿ ಬರೆಯಿರಿ. ಯಾರ ಹತ್ತಿರ ಹೇಳಿದಳು ಅಂತಲೂ ಬರೆಯಿರಿ, ನಿಮ್ಮ ಹತ್ತಿರವಾ, ಅವ್ವನ ಹತ್ತಿರವಾ. ಇನ್ನು ಕೆಲವು ತಿಂಗಳಲ್ಲಿ ಒಂದೇ ದಿನ ಬೆಳಿಗ್ಗೆ ‘ಅಳಿದೆ’, ಸಂಜೆ ‘ಅತ್ತೆ’ ಅನ್ನುವ ದಿನ ಬರುತ್ತದೆ. ಆ ದಿನದ ಪುಟ ಬರೆದಾದ ಮೇಲೆ ನನಗೂ ಒಂದು ಪ್ರತಿ ಕಳಿಸಿ.